ವಿಲ್ಡಾ ಫೇ ಎಡವುವ ಜಾಗ

ವಿಲ್ಡಾ ಫೇ ಹಾರ್ಗಿಸ್ ನಮ್ಮೂರ ಶಾಲೆಯ ಅಡುಗೆಯವಳು. ಮುನ್ನೂರು ಮಕ್ಕಳಿಗೆ ಬೀನ್ಸ್ ಕಾಳು ಬೇಯಿಸಿ, ಮೆಕ್ಕೆಜೋಳದ ರೊಟ್ಟಿ ಕೊಯ್ದು ಹಂಚುವುದು ಅವಳ ಕೆಲಸ. ಹಂಡೆಯ ಮೇಲೆ ಬಗ್ಗಿ ಹಾಡುತ್ತ ಸೌಟು ಆಡಿಸಿದಳೆಂದರೆ ಕಾಳು ಅರ್ಧ ಗಂಟೆ ಮುಂಚೆಯೇ ಬೆಂದುಬಿಡುತ್ತಿತ್ತು. ಇದನ್ನು ನಾನೇ ಗಡಿಯಾರ ಹಿಡಿದು ನೋಡಿದ್ದೇನೆ. ಗಡಿಯಾರ ನಿಂತುಹೋಗಿತ್ತು ಎಂಬುದು ಬೇರೆ ಮಾತು.

ಪ್ರತಿ ಗುರುವಾರ ಮಧ್ಯಾಹ್ನ ಊಟದ ಗಂಟೆ ಮುಗಿದ ಮೇಲೆ ಅವಳನ್ನು ನನ್ನ ಪಿಕಪ್ಪಿನಲ್ಲಿ ಕೂರಿಸಿಕೊಂಡು ನ್ಯಾಶ್ವಿಲ್ಲಿಗೆ ಹೊರಡುತ್ತಿದ್ದೆ. ಹಾಡು ಬರೆಯುವವರು ಅಲ್ಲಿ ತಮ್ಮ ಹೊಸ ಹಾಡನ್ನು ಮೊದಲು ಯಾರಾದರೂ ಹೆಸರಿಲ್ಲದವರಿಂದ ಹಾಡಿಸಿ, ಆ ಮಾದರಿ ಕ್ಯಾಸೆಟ್ಟನ್ನು ಯಾರಾದರೂ ದೊಡ್ಡ ಗಾಯಕಿಗೆ ಕಳಿಸುತ್ತಿದ್ದರು. ಹಿಡಿಸಿದರೆ ಆಕೆ ಅದನ್ನು ಕಲಿತು, ಹಾಡಿ, ರೆಕಾರ್ಡು ತರುತ್ತಿದ್ದಳು. ಆ ಹೆಸರಿಲ್ಲದವಳು ವಿಲ್ಡಾ. ಅವಳ ಹಿಂದೆ ಕೂತು ಸ್ಟೀಲ್ ಗಿಟಾರಿನಿಂದ ಗೋಳುಗರೆಯುತ್ತಿದ್ದ ಹೋಬರ್ಟ್ ನಾನು.

ವಿಲ್ಡಾಳ ದನಿಯಲ್ಲಿ ಒಂದು ವಿಶೇಷವಿತ್ತು. ಮೇಲಿನ ಸ್ವರಕ್ಕೆ ಏರುವಾಗ, ಹೊಸ್ತಿಲಿಗೆ ಕಾಲು ತಾಗಿದಂತೆ, ಅದು ಒಮ್ಮೆ ಎಡವುತ್ತಿತ್ತು. ಇದು ತಾಯಿ ಓಲೀಯಿಂದ ಬಂದದ್ದು. ಓಲೀಗೆ ಹತ್ತು ವರ್ಷವಾಗಿದ್ದಾಗ ಟಾನ್ಸಿಲ್ ಕತ್ತರಿಸಿದವನು ಕುದುರೆಗಳ ವೈದ್ಯ. ಅರ್ಧ ತೆಗೆದು, ಉಳಿದರ್ಧ ಮರೆತು, ಹೇಸರಗತ್ತೆಯೊಂದನ್ನು ನೋಡಲು ಹೋಗಿಬಿಟ್ಟ. ಅವಳು ಜೀವನಪೂರ್ತಿ ಆ ಅರ್ಧವನ್ನು ದಾಟಿಕೊಂಡೇ ಹಾಡಿದಳು. ತಾಯಿಯ ಸೊಂಟದ ಮೇಲೆ ಕೂತು ಹಾಡು ಕಲಿತ ವಿಲ್ಡಾ, ಎಡವುವುದೂ ರಾಗದ ಭಾಗವೆಂದೇ ಕಲಿತಳು. ಅವಳ ಸ್ವಂತ ಟಾನ್ಸಿಲ್‌ಗೆ ಏನೂ ಆಗಿಲ್ಲ, ಕಲ್ಲುಗುಂಡಿನ ಹಾಗಿದೆ.

ಎಂಬತ್ತೆಂಟರಲ್ಲಿ 'ನಿನ್ನ ಬೂಟು ಜಗಲಿಯ ಮೇಲಿವೆ' ಎಂಬ ಹಾಡು ಬಂತು. ಮನೆ ಬಿಟ್ಟು ತಿರುಗುವ ಗಂಡನಿಗೆ ಹೆಂಡತಿ ಕೊಡುವ ನೋಟೀಸು. 'ಜಗಲಿ' ಎನ್ನುವಲ್ಲಿ ವಿಲ್ಡಾ ಎಡವಿದಳು. ಡೆಲಾ ರೇ ಕಾಂಪ್ಟನ್ ಎಂಬ ಗಾಯಕಿ ಆ ಕ್ಯಾಸೆಟ್ಟನ್ನು ಕಾರಿನಲ್ಲಿ ಹಾಕಿಕೊಂಡು ಬಾಯಿಪಾಠ ಮಾಡಿದಳು, ಎಡವುವುದನ್ನೂ ಸೇರಿಸಿ.

ಹಾಡು ಹನ್ನೊಂದು ವಾರ ಮೊದಲನೇ ಸ್ಥಾನದಿಂದ ಇಳಿಯಲಿಲ್ಲ. ನಮ್ಮ ಪೆಟ್ರೋಲ್ ಬಂಕಿನ ರೇಡಿಯೊ ಬೇರೆ ಹಾಡುಗಳನ್ನು ಮರೆತೇಬಿಟ್ಟಿತು. ಹೆಂಗಸರೆಲ್ಲ 'ಜಗ್‌-ಲಿ' ಎಂದು ಬಿಕ್ಕತೊಡಗಿದರು. ನನ್ನ ಹುಂಜ ಕೂಗಿನ ನಡುವೆ ಒಮ್ಮೆ ಎಡವಿ, ಕೋಳಿಗಳ ಮುಂದೆ ಮರ್ಯಾದೆ ಕಳೆದುಕೊಂಡಿತು.

ಟೀವಿಯಲ್ಲಿ ಡೆಲಾ ರೇ ಕರವಸ್ತ್ರ ಹಿಡಿದು, ಆ ಬಿಕ್ಕು ತನ್ನ ಮುರಿದ ಮದುವೆಯಿಂದ ಬಂದದ್ದೆಂದಳು. ವಿಲ್ಡಾ ಕಾಳು ಆರಿಸುವುದನ್ನು ನಿಲ್ಲಿಸಲಿಲ್ಲ. "ಪಾಪ, ನಮ್ಮಮ್ಮನ ಮದ್ವೆ ಚೆನ್ನಾಗೇ ಇತ್ತು. ಕೆಟ್ಟಿದ್ದು ಟಾನ್ಸಿಲ್ಲು."

ಅಲ್ಲಿಗೆ ನಕ್ಕು ಮುಗಿಯುತ್ತಿತ್ತು. ಆದರೆ ಮೇ ತಿಂಗಳು ಬಂತು.

ಮೇ ತಿಂಗಳ ಎರಡನೇ ಭಾನುವಾರ ನಮ್ಮ ಬ್ಯಾಪ್ಟಿಸ್ಟ್ ಚರ್ಚಿನ ವರ್ಷದ ಕೂಟ. ಊರು ಬಿಟ್ಟವರೂ ಬರುತ್ತಾರೆ. ಅಂದು ಮಾತ್ರ ನದಿ ದಾಟುವ ಹಾಡು ಹಾಡುತ್ತೇವೆ. ಅದು ಯಾವ ಪುಸ್ತಕದಲ್ಲೂ ಇಲ್ಲ. ಒಬ್ಬರು ಸಾಲು ಎತ್ತಿಕೊಡುತ್ತಾರೆ, ಸಭೆ ಹಿಂದೆ ಹೇಳುತ್ತದೆ. ಮೊದಲು ಓಲೀ ಎತ್ತಿಕೊಡುತ್ತಿದ್ದಳು, ಅವಳು ಹೋದ ಮೇಲೆ ಹತ್ತೊಂಬತ್ತು ವರ್ಷದಿಂದ ವಿಲ್ಡಾ.

ಆ ಚಳಿಗಾಲದಲ್ಲಷ್ಟೇ ಚರ್ಚಿಗೆ ಟೆರೆಲ್ ಎಂಬ ಹೊಸ ಹಾಡುಮೇಷ್ಟ್ರು ಬಂದಿದ್ದ. ಸಂಗೀತ ಓದಿದವನು, ಸೀನು ಬಂದರೂ ಶ್ರುತಿ ನೋಡಿಕೊಂಡು ಸೀನುವವನು. ಅಭ್ಯಾಸದ ದಿನ ವಿಲ್ಡಾ ಮೊದಲ ಸಾಲು ಎತ್ತಿದಳು, ಎಡವಿದಳು. ಟೆರೆಲ್ ಕೈ ಎತ್ತಿ ತಡೆದ.

"ವಿಲ್ಡಕ್ಕ, ತಪ್ಪು ತಿಳ್ಕೋಬೇಡಿ. ಡೆಲಾ ರೇ ಥರ ಬಿಕ್ಕೋದು ಡೆಲಾ ರೇಗೇ ಚೆಂದ. ದೇವರ ಮನೇಲಿ ಸ್ವಂತ ದನೀಲಿ ಹಾಡೋಣ."

"ಇದು ನನ್ ಸ್ವಂತದ್ದೇ ಕಣಪ್ಪ."

"ಎಲ್ರೂ ಹಾಗೇ ಅಂತಾರೆ. ಈ ತಿಂಗಳಲ್ಲಿ ನೀವು ನಾಲ್ಕನೆಯವರು." ಆಮೇಲೆ ದನಿ ತಗ್ಗಿಸಿದ. "ಭಾನುವಾರ ಮೊದಲನೇ ಸಾಲಲ್ಲಿ ಬಿಕ್ಕಿದ್ರೆ, ಉಳಿದಿದ್ದನ್ನ ಹಲ್ಲಿನ ಡಾಕ್ಟ್ರ ಹೆಂಡ್ತಿ ಎತ್ಕೊಡ್ತಾರೆ. ಅವರಿಗೂ ಹೇಳಿಟ್ಟಿದೀನಿ."

ವಾಪಸು ಬರುವಾಗ ನಾನು ಸ್ಟಿಯರಿಂಗ್ ಗುದ್ದಿದೆ. "ಆ ಕ್ಯಾಸೆಟ್ ಹುಡ್ಕಿ ತಂದು ಅವನ ಮೂತಿಗೆ ಹಿಡೀಲಾ?"

"ಕ್ಯಾಸೆಟ್ಟು ಹಾಡು ಬರೆದೋರ್ದು, ನಮ್ದಲ್ಲ. ನೆಟ್ಟಗೆ ಗಾಡಿ ಓಡ್ಸೋ." ಕಿಟಕಿಯ ಗಾಜು ಇಳಿಸಿದಳು. "ಅಮ್ಮ ನಿಂತ ಜಾಗ ಕಣೋ ಹೋಬರ್ಟ್ ಅದು. ಅಲ್ಲಿಂದ ಇಳ್ಸಿದ್ರೆ ನಾನ್ ಹೋಗಿ ಎಲ್ ನಿಲ್ಲಲಿ?"

ಆ ವಾರವೆಲ್ಲ ಅವಳು ಹಂಡೆಯ ಮುಂದೆ ನುಣ್ಣಗೆ ಹಾಡಲು ಹೆಣಗಿದಳು. ಬೀನ್ಸು ಬೇಯಲೇ ಇಲ್ಲ. ಮಕ್ಕಳು ಗೋಲಿಯಾಡಲು ಜೇಬಿಗೆ ತುಂಬಿಕೊಂಡು ಹೋದರು.

ಭಾನುವಾರ ಚರ್ಚು ಕಿಕ್ಕಿರಿದಿತ್ತು. ವಿಲ್ಡಾ ತಾಯಿಯ ಜಾಗದಲ್ಲಿ ನಿಂತು, ಮೆಟ್ಟಿಲಿಲ್ಲದ ಕಡೆ ಕಾಲೆತ್ತಿಡುವವಳಂತೆ, ಮೊದಲ ಸಾಲು ಎತ್ತಿಕೊಟ್ಟಳು. ಏರುವ ಜಾಗ ಬಂತು. ಎಡವಲಿಲ್ಲ. ಇಸ್ತ್ರಿ ಹಾಕಿದ ಹಾಗೆ ದಾಟಿದಳು. ಟೆರೆಲ್ ಸಂತೋಷದಿಂದ ತಲೆದೂಗಿ, ಸಭೆಯತ್ತ ಕೈ ಬೀಸಿದ.

ಸಭೆ ಹಿಂದೆ ಹೇಳಿತು. ಏರುವ ಜಾಗಕ್ಕೆ ಬಂದಾಗ ಇನ್ನೂರು ಗಂಟಲು ಒಟ್ಟಿಗೇ ಎಡವಿದವು. ಕಿಟಕಿಯ ಗಾಜು ಅದುರಿತು.

ಟೆರೆಲ್‌ನ ಕೈ ಗಾಳಿಯಲ್ಲೇ ಉಳಿಯಿತು. ಅಷ್ಟು ವರ್ಷದಲ್ಲಿ ನಾವೂ ಎಡವುತ್ತೇವೆಂದು ಯಾರೂ ಗಮನಿಸಿಯೇ ಇರಲಿಲ್ಲ. ಹಾಡು ಇರುವುದೇ ಹಾಗೆ ಎಂದುಕೊಂಡಿದ್ದೆವು.

ಮುಂದಿನ ಬೆಂಚಿನಲ್ಲಿ ಝೆಲ್ಫಾ ಅಜ್ಜಿ ಕೂತಿದ್ದಳು. ತೊಂಬತ್ತೆರಡು ವರ್ಷ. ಮನೆಗೆ ಕರೆಂಟನ್ನೇ ಹಾಕಿಸಿದವಳಲ್ಲ, ರೇಡಿಯೊ ದೂರದ ಮಾತು. ಎಲ್ಲರಿಗಿಂತ ಜೋರಾಗಿ ಎಡವಿದ್ದವಳು ಅವಳೇ. ಟೆರೆಲ್ ಅವಳ ಕಿವಿಯ ಹತ್ತಿರ ಬಗ್ಗಿದ.

"ಅಜ್ಜೀ, ಅದನ್ನ ಯಾರ ಹತ್ರ ಕಲಿತ್ರಿ?"

"ಯಾವುದನ್ನ?"

"ಅದೇ, ಬಿಕ್ಕೋದು."

"ಬಿಕ್ಕಿಲ್ಲಪ್ಪ, ಹಾಡ್ದೆ. ಓಲೀ ಕಲಿಸಿದ್ದು ಹೀಗೇ. ನೀನ್ ಯಾರ ಮಗ?"

ಟೆರೆಲ್ ನೆಟ್ಟಗೆ ನಿಂತ. ಕುತ್ತಿಗೆಯಿಂದ ಕಿವಿಯವರೆಗೆ ಕೆಂಪಾಗಿದ್ದ. ಬಿಕ್ಕು ಕೇಳಿದ್ದೇ ತನ್ನ ಸರದಿ ಎಂದು ಎದ್ದಿದ್ದ ಹಲ್ಲಿನ ಡಾಕ್ಟರ ಹೆಂಡತಿ ಲಂಗ ಸರಿಮಾಡಿಕೊಂಡು ಕೂತಳು. ಅವನು ವಿಲ್ಡಾಳ ಪಕ್ಕಕ್ಕೆ ಹೋಗಿ, "ನಾನ್ ತಿಳ್ಕೊಂಡಿದ್ದು ತಿರುಗುಮುರುಗಾಗಿತ್ತು, ವಿಲ್ಡಕ್ಕ," ಎಂದ. "ಅಮ್ಮ ಹಾಡ್ತಿದ್ದ ಹಾಗೇ ಎತ್ಕೊಡಿ. ಮೊದಲಿಂದ."

"ನೀನೂ ಹಿಂದೆ ಹೇಳ್ಬೇಕು ಮತ್ತೆ," ಎಂದಳು ವಿಲ್ಡಾ.

ಅವಳು ಎತ್ತಿಕೊಟ್ಟಳು. ಟೆರೆಲ್ ಪ್ರಾಮಾಣಿಕವಾಗಿ ಎಡವಿದ, ಅರ್ಧ ಸ್ವರ ತಡವಾಗಿ, ಒಬ್ಬನೇ.