ಶೀಲಕ್ಕನ ಎರಡು ರಿಂಗು

ನಮ್ಮ ಎದುರುಮನೆಯ ಶೀಲಾವತಿಯವರು ಮನೆಯ ಫೋನನ್ನು ದಿನಾ ಒರೆಸುತ್ತಾರೆ, ಆದರೆ ಎತ್ತುವುದಿಲ್ಲ. ಮುಂಬಯಿಯ ಸಯನ್ನಿನ ಈ ಬಿಲ್ಡಿಂಗಿನ ಮೂರನೇ ಮಾಳಿಗೆಯಲ್ಲಿ ಹತ್ತೊಂಬತ್ತು ವರ್ಷದಿಂದ ಅವರ ಬಾಗಿಲಿಗೆ ನನ್ನ ಬಾಗಿಲು ಎದುರು. ಬೆಳಿಗ್ಗೆ ಒದ್ದೆ ಬಟ್ಟೆ ಹಿಂಡಿಕೊಂಡು ಬಂದು ಆ ಕೆಂಪು ಫೋನಿನ ಒಂದೊಂದೇ ಗುಂಡಿ ಒರೆಸುವಾಗ, ರಿಸೀವರ್ ಅಲುಗದಂತೆ ಎಡಗೈಯಲ್ಲಿ ಒತ್ತಿ ಹಿಡಿದಿರುತ್ತಾರೆ. "ಊದಿನಕಡ್ಡಿ ಒಂದು ಕಡಿಮಿ ಆತು ನೋಡ್ರಿ ಅಕ್ಕಾರ," ಎಂದು ನಾನು ಎಷ್ಟೋ ಸಲ ಕಾಡಿದ್ದೇನೆ. "ನಿಮಗೆ ಎಲ್ಲದಕ್ಕೂ ತಮಾಷೆ ಮಾಸ್ತ್ರೇ," ಎಂದು ಅವರು ನಗುತ್ತಿದ್ದರು.

ನನ್ನ ಹೆಸರು ಶರಣಬಸಪ್ಪ. ಆಳಂದದ ಕಡೆಯವನು, ಇಲ್ಲಿ ಪಾಲಿಕೆಯ ಕನ್ನಡ ಶಾಲೆಯಲ್ಲಿ ಮೂವತ್ತೊಂದು ವರ್ಷ ಪಾಠ ಹೇಳಿ ನಿವೃತ್ತನಾದೆ. ಮಾತು ನನಗೆ ಜಾಸ್ತಿ. ಬಾಯಿ ಮುಚ್ಚಿಕೊಂಡಿರಬೇಕಾದ ಕಡೆ ಮುಚ್ಚಿಕೊಳ್ಳದೆ ನಾನು ಮಾಡಿದ ಒಂದು ಘನಕಾರ್ಯವನ್ನು ಬಿಟ್ಟು ಶೀಲಕ್ಕನ ಕಥೆ ಹೇಳಲು ಬರುವುದಿಲ್ಲ. ಅದಕ್ಕೇ ಹೇಳುತ್ತಿದ್ದೇನೆ, ಸಂತೋಷದಿಂದೇನೂ ಅಲ್ಲ.

ಶೀಲಕ್ಕ ಉಡುಪಿ ಕಡೆಯವರು. ಗಂಡ ಮೋನಪ್ಪ ಮಾಟುಂಗಾದ ಒಂದು ಹೋಟೆಲಿನಲ್ಲಿ ಮ್ಯಾನೇಜರ್ ಆಗಿದ್ದರು. ಮದುವೆಯಾಗಿ ಮುಂಬಯಿಗೆ ಬಂದ ಕೆಲವು ವರ್ಷಕ್ಕೆ ಶೀಲಕ್ಕ ತನ್ನ ತಮ್ಮ ಸೀನನನ್ನು ಕರೆಸಿ ಅದೇ ಹೋಟೆಲಿನಲ್ಲಿ ಸಪ್ಲಾಯರ್ ಕೆಲಸಕ್ಕೆ ಹಾಕಿಸಿದರು. ಅವನು ಇವರಿಗಿಂತ ಹನ್ನೊಂದು ವರ್ಷ ಚಿಕ್ಕವನು. ತಾಯಿ ಬೇಗ ತೀರಿಕೊಂಡದ್ದರಿಂದ ಅವನನ್ನು ಎತ್ತಿ ಆಡಿಸಿದ್ದು, ಅಡುಗೆ ಕಲಿಸಿದ್ದು ಎಲ್ಲ ಇವರೇ. ಆ ಕಾಲಕ್ಕೆ ಹೋಟೆಲಿನ ಮಂದಿಗೆಲ್ಲ ಈ ಮನೆಯ ಫೋನೇ ಆಧಾರ. ಊರಿಗೆ ಹೋದವರು ತಲುಪಿದ ಕೂಡಲೇ ಎರಡು ರಿಂಗು ಕೊಟ್ಟು ಕಟ್ ಮಾಡಬೇಕು. ಸುಖವಾಗಿ ಮುಟ್ಟಿದ್ದೇನೆ ಎಂದು ಅದರ ಅರ್ಥ. ಈ ಕಡೆಯವರು ಎತ್ತುವಂತಿಲ್ಲ, ಎತ್ತಿದರೆ ಎಸ್‌ಟಿಡಿ ಬಿಲ್ಲು.

ಆಷಾಢದ ಕೊನೆಗೆ ಬರುವ ಆಟಿ ಅಮಾವಾಸ್ಯೆಯ ದಿನ ಬೆಳಿಗ್ಗೆ ತುಳುನಾಡಿನವರು ಬರಿಹೊಟ್ಟೆಯಲ್ಲಿ ಪಾಲೆ ಮರದ ತೊಗಟೆಯ ಕಷಾಯ ಕುಡಿಯುತ್ತಾರೆ. ಕಹಿ ಅಂದರೆ ಕಹಿ, ನನಗೂ ಒಮ್ಮೆ ಕುಡಿಸಿ ಮಜಾ ನೋಡಿದ್ದಾರೆ. ಸೀನನಿಗೆ ಇಪ್ಪತ್ತು ವರ್ಷವಾಗಿದ್ದ ಆ ಅಮಾವಾಸ್ಯೆಯಂದು ಅವನು ಮುಖ ಕಿವಿಚಿಕೊಂಡು ಕಷಾಯ ಕುಡಿದು ಕೆಲಸಕ್ಕೆ ಹೋದ. ಮಧ್ಯಾಹ್ನದ ಗದ್ದಲದಲ್ಲಿ ಗಿರಾಕಿಯೊಬ್ಬ ಬೈದ, ಇವನು ತಿರುಗಿ ಬೈದ. ಮೋನಪ್ಪ ಎಲ್ಲರೆದುರು ಭಾವಮೈದುನನ ಕೆನ್ನೆಗೆ ಹೊಡೆದರು. ಸೀನ ಮನೆಗೆ ಬಂದು ಬ್ಯಾಗಿಗೆ ಬಟ್ಟೆ ತುರುಕತೊಡಗಿದ. ಎರಡು ವರ್ಷದ ಮಗ ಸುಹಾಸನನ್ನು ಸೊಂಟದಲ್ಲಿಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದ ಶೀಲಕ್ಕ ಗಂಡನ ಪರವಾಗಿಯೇ ಮಾತಾಡಿದರು. "ಹೋಗುವವ ಹೋಗು. ಮುಟ್ಟಿದಲ್ಲಿಂದ ಎರಡು ರಿಂಗು ಕೊಡು, ಸಾಕು," ಎಂದುಬಿಟ್ಟರು. ಸಂಜೆಗೆ ಸಿಟ್ಟಿಳಿದು ಬರುತ್ತಾನೆ ಎಂದುಕೊಂಡಿದ್ದರು. ಅವನು ಬರಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಮೂರೂವರೆಗೆ ಎರಡು ರಿಂಗು ಬಂತು. ಮರುವರ್ಷ ಆಟಿ ಅಮಾವಾಸ್ಯೆಗೆ, ಅದೇ ಮೂರೂವರೆಗೆ, ಮತ್ತೆ ಎರಡು ರಿಂಗು. ಊಟದ ಗಲಾಟೆ ಮುಗಿದು ಸಂಜೆಯ ತಿಂಡಿ ಶುರುವಾಗುವ ಮೊದಲು ಹೋಟೆಲಿನವರು ಕಾಲು ಚಾಚುವ ಹೊತ್ತು ಅದು. ಎಲ್ಲೋ ಹೋಟೆಲಿನಲ್ಲೇ ಇದ್ದಾನೆ, ಜೀವದಿಂದಿದ್ದಾನೆ ಎಂದು ಶೀಲಕ್ಕನಿಗೆ ಅಷ್ಟರಿಂದಲೇ ತಿಳಿಯಿತು. ಮೂರನೆಯ ವರ್ಷ ತಡೆಯಲಾರದೆ ರಿಸೀವರ್ ಎತ್ತಿ, "ಸೀನಾ, ಬಾ ಮಗಾ," ಎಂದರು. ಆ ಕಡೆ ಉಸಿರು ಕೇಳಿಸಿತು, ಆಮೇಲೆ ಕಟ್ಟಾಯಿತು. ಅದರ ಮರುವರ್ಷ ಒಂದೇ ರಿಂಗು ಬಂತು. ಹೆದರಿದ್ದಾನೆ ಎಂದು ಶೀಲಕ್ಕನಿಗೆ ಗೊತ್ತಾಯಿತು. ಆವತ್ತಿನಿಂದ ಅವರು ಫೋನು ಎತ್ತಲಿಲ್ಲ, ಬೇರೆಯವರಿಗೂ ಎತ್ತಗೊಡಲಿಲ್ಲ. ಐದನೆಯ ವರ್ಷಕ್ಕೆ ಎರಡು ರಿಂಗು ವಾಪಸು ಬಂತು, ಮತ್ತೆ ಎಂದೂ ತಪ್ಪಲಿಲ್ಲ.

ಇದನ್ನೆಲ್ಲ ಅವರು ನನಗೆ ಹೇಳಿದ್ದು ಮೋನಪ್ಪ ತೀರಿಕೊಂಡ ಮೇಲೆ, ನಾಲ್ಕು ವರ್ಷದ ಹಿಂದೆ. ಮೋನಪ್ಪನವರೂ ಗೋರೆಗಾಂವ್‌ವರೆಗೆ ಹೋಟೆಲು ಹೋಟೆಲು ಹುಡುಕಿದ್ದರಂತೆ. ನಾನೊಬ್ಬ ಬುದ್ಧಿವಂತ, "ನಂಬರ್ ಕಾಣೋ ಫೋನ್ ತರ್ರಿ, ಹಿಡದುಬಿಡೂಣು," ಎಂದೆ. ಶೀಲಕ್ಕ ತಲೆಯಾಡಿಸಿದರು. "ಬೇಡ ಮಾಸ್ತ್ರೇ. ಹುಡುಕಿದ್ರೆ ಅವ ಇನ್ನೂ ದೂರ ಹೋದಾನು. ಹೇಳ್ಬೇಕು ಅಂತ ಕಂಡ ದಿನ ಅವನೇ ಹೇಳ್ತಾನೆ. ನನಗೆ ವರ್ಷಕ್ಕೆ ಎರಡು ರಿಂಗು ಉಂಟಲ್ಲ," ಎಂದರು. ನಾನು ಆಮೇಲೆ ಊದಿನಕಡ್ಡಿಯ ಮಾತು ಎತ್ತಲಿಲ್ಲ.

ತಾಮ್ರದ ತಂತಿ ಹೋಗಿ ಫೈಬರ್ ಬಂದಾಗ ಶೀಲಕ್ಕ ಹಟ ಹಿಡಿದು ಹಳೇ ನಂಬರನ್ನೇ ಅದರಲ್ಲಿ ಉಳಿಸಿಕೊಂಡರು. ಗೋಡೆಯ ಮೇಲೆ ಎರಡು ಡಬ್ಬಿ ಕೂತವು. ಒಂದು ಮೋಡೆಮ್, ಅದರಿಂದ ಒಂದು ವೈರು ಫೋನಿಗೆ. ಇನ್ನೊಂದು ವೈಫೈ ಕೊಡುವ ರೂಟರ್. ಗೋರೆಗಾಂವ್‌ನ ಆಫೀಸೊಂದಕ್ಕೆ ಅರ್ಧ ವಾರ ಮನೆಯಿಂದಲೇ ಕೆಲಸ ಮಾಡುವ ಸುಹಾಸನಿಗೆ ಆ ಎರಡರ ಜಗಳ ಸಾಕಾಗಿತ್ತು. ಮೀಟಿಂಗಿನ ನಡುವೆ ಅವನ ಮುಖ ಪರದೆಯ ಮೇಲೆ ಬಾಯಿ ತೆರೆದೇ ನಿಂತುಬಿಡುತ್ತಿತ್ತು. ಕಳೆದ ವರ್ಷದ ಮೇ ತಿಂಗಳಲ್ಲಿ, ಎರಡೂ ಸೇರಿದ ಒಂದೇ ಡಬ್ಬಿ ಹಾಕಿಸಲು ಅವನು ಕಂಪನಿಗೆ ಬರೆದುಕೊಟ್ಟ.

ಡಬ್ಬಿ ಬರುವ ದಿನ ಅವನಿಗೆ ಆಫೀಸು. ಶೀಲಕ್ಕನಿಗೆ ವಿಲೆ ಪಾರ್ಲೆಯಲ್ಲಿ ಗೆಳತಿಯ ಮನೆಯ ಭಜನೆ. ಕೀಲಿಕೈ ನನ್ನ ಕೈಗಿಟ್ಟು, "ಬೇರೆ ಎಂಥ ಆದ್ರೂ ಅಡ್ಡಿಯಿಲ್ಲ. ಫೋನಿನ ವೈರು ಮಾತ್ರ ಮೊದಲಿನ ಹಾಗೇ ಹಾಕಿಸಿ ಮಾಸ್ತ್ರೇ," ಎಂದರು. ಮೆಟ್ಟಿಲಿಳಿಯುವಾಗ ಇನ್ನೊಮ್ಮೆ ಹೇಳಿದರು.

ಬಂದವನ ಹೆಸರು ಈಶ್ವರ. ಹಿಂದಿಯಲ್ಲಿ ಎರಡು ಮಾತಾಡುವಷ್ಟರಲ್ಲಿ ನನಗೆ ಅವನ ನಾಲಿಗೆಯ ಮೇಲೆ ನಮ್ಮ ಕಡೆಯ ವಾಸನೆ ಬಡಿಯಿತು. "ಯಾವೂರಪ್ಪಾ?" ಎಂದೆ. ನಮ್ಮೂರಿಂದ ಎರಡು ಹಳ್ಳಿ ಆಚೆ! ಮುಗಿಯಿತು ಕಥೆ. ಅವನ ಸೋದರಮಾವ ನನ್ನ ಜೊತೆ ಏಳನೇ ಇಯತ್ತೆ ಓದಿದವನು. ನಾನು ಚಹಾ ಮಾಡಿದೆ, ಶೇಂಗಾಚಟ್ನಿ ಹಚ್ಚಿದ ರೊಟ್ಟಿ ತಂದೆ. ಊರಿನ ಹೊಲದ ದಾರಿಯಿಂದ ಹಿಡಿದು ಯಾರ ಮಗಳು ಯಾರ ಮನೆ ಸೇರಿದಳು ಎನ್ನುವವರೆಗೆ ಬಿಡದೆ ಕೇಳಿದೆ. ಮಾತಾಡುತ್ತಲೇ ಅವನು ಹಳೆಯ ಎರಡು ಡಬ್ಬಿ ಇಳಿಸಿದ, ಹೊಸದನ್ನು ಏರಿಸಿದ, ದೀಪಗಳು ಹಸಿರಾಗಿ ಉರಿದವು. ಅಷ್ಟರಲ್ಲಿ ಅವನಿಗೆ ಮುಂದಿನ ಮನೆಯಿಂದ ಫೋನು ಬಂತು, ಓಡಿದ. ಕಪಾಟಿನ ಹಿಂದಿನಿಂದ ಒಂದು ವೈರು ನೆಲದ ಮೇಲೆ ಬಿದ್ದಿತ್ತು. ಹಳೇದಿರಬೇಕು ಎಂದುಕೊಂಡು ನಾನೇ ಅದನ್ನು ನೀಟಾಗಿ ಸುತ್ತಿ, ಪೇಪರಿನವನ ರಬ್ಬರ್ ಬ್ಯಾಂಡ್ ಹಾಕಿ, ಕಪಾಟಿನ ಹಿಂದೆ ಸರಿಸಿದೆ.

ಸಂಜೆ ಶೀಲಕ್ಕ ಚಪ್ಪಲಿ ಬಿಡುವ ಮೊದಲೇ ಕೇಳಿದರು. "ಫೋನಿಂದು ಸರಿ ಉಂಟಲ್ಲ?"

"ಎಲ್ಲಾ ಬರೋಬ್ಬರಿ ಅದ ಅಕ್ಕಾರ," ಎಂದೆ ನಾನು.

ನೋಡಿ ಹೇಳಿದ್ದಲ್ಲ. ಸುಳ್ಳು ಹೇಳಬೇಕೆಂದೂ ಹೇಳಿದ್ದಲ್ಲ. ಬಾಯಿಗೆ ಬಂತು, ಹೇಳಿದೆ. ಇನ್ಶೂರೆನ್ಸ್ ಬೇಕೇ, ಸಾಲ ಬೇಕೇ ಎಂದು ಆ ಫೋನಿನಲ್ಲಿ ಬಡಿದುಕೊಳ್ಳುತ್ತಿದ್ದ ಕರೆಗಳೂ ನಿಂತವು. "ಹೊಸ ಡಬ್ಬಿ ಬಂದ ಮೇಲೆ ಉಪದ್ರ ಇಲ್ಲ," ಎಂದು ಶೀಲಕ್ಕ ಖುಷಿಪಟ್ಟರು. ಎತ್ತುವ ಪದ್ಧತಿಯೇ ಇಲ್ಲದ ಫೋನು ಸತ್ತು ಬಿದ್ದಿದೆ ಎಂದು ಯಾರಿಗೆ ತಿಳಿಯಬೇಕು?

ಆಟಿ ಅಮಾವಾಸ್ಯೆ ಬಂತು. ನಾನು ಸಂಜೆ ಹೋದಾಗ ಶೀಲಕ್ಕ ಫೋನಿನ ಮುಂದೆ ಕುರ್ಚಿಯಲ್ಲಿ ಕೂತೇ ಇದ್ದರು. ಆರು ಗಂಟೆ ದಾಟಿತ್ತು. "ಅಮ್ಮಾ, ಒಂದ್ಸಲ ಎತ್ತಿ ಚೆಕ್ ಮಾಡ್ತೇನೆ ನಾ, ಏಕ್ ಸೆಕೆಂಡ್," ಎಂದು ಸುಹಾಸ ಕೈ ಚಾಚಿದ. ಶೀಲಕ್ಕ ಆ ಕೈಯನ್ನು ತಳ್ಳಿದರು. "ಅದೇ ಹೊತ್ತಿಗೆ ಅವ ಮಾಡಿದ್ರೆ? ಎಂಗೇಜ್ ಬರ್ತದೆ. ಮುಟ್ಬೇಡ. ಸರಿ ಉಂಟಂತ ಮಾಸ್ತ್ರೇ ಹೇಳಿದ್ದಾರೆ." ನಾನು ಅಲ್ಲೇ ನಿಂತಿದ್ದೆ. ನನ್ನ ಮಾತನ್ನು ನಾನೇ ನಂಬಿದ್ದೆ.

ಮರುದಿನ, ಅದರ ಮರುದಿನ, ಏನೂ ಬರಲಿಲ್ಲ. ಎಂಟನೆಯ ದಿನ ಶೀಲಕ್ಕ ಅಡುಗೆಮನೆಯ ನೆಲದ ಮೇಲೆ ಕೂತು ಅತ್ತದ್ದು ನಮ್ಮ ಮನೆಗೆ ಕೇಳಿಸಿತು. ಮೋನಪ್ಪ ಹೋದಾಗಲೂ ಅವರು ಹಾಗೆ ಅತ್ತಿರಲಿಲ್ಲ. ದೀಪಾವಳಿಗೆ ಅವರಲ್ಲಿ ಸತ್ತವರಿಗೆ ಎಲೆ ಬಡಿಸಿ, ಬಾಗಿಲು ಎಳೆದು, ಸ್ವಲ್ಪ ಹೊತ್ತು ಹೊರಗೆ ನಿಲ್ಲುತ್ತಾರೆ. ಆ ಸಲ ಮೋನಪ್ಪನ ಎಲೆಯ ಪಕ್ಕದಲ್ಲಿ ಇನ್ನೊಂದು ಎಲೆ ಹಾಕಿದರು. ಕೋಳಿ ಸಾರು, ರೊಟ್ಟಿ, ಸೀನನಿಗೆ ಇಷ್ಟವಾದದ್ದೆಲ್ಲ. ಮುಚ್ಚಿದ ಬಾಗಿಲಿನ ಹೊರಗೆ ಅವರ ಜೊತೆ ನಾನೂ ಕೈಕಟ್ಟಿ ನಿಂತೆ. ಕೋಳಿಯ ವಾಸನೆಗೆ ಮೂಗು ಮುಚ್ಚುವ ಲಿಂಗಾಯತ ನಾನು, ಆವತ್ತು ಮುಚ್ಚಲಿಲ್ಲ.

ಜನವರಿಯಲ್ಲಿ ಒಂದು ಬೆಳಿಗ್ಗೆ ಸುಹಾಸ ಆಫೀಸಿನಿಂದ ನನಗೆ ಫೋನು ಮಾಡಿದ. ಮನೆಯಲ್ಲಿ ನೆಟ್ ಬರುತ್ತಿಲ್ಲವಂತೆ, ಅಮ್ಮನ ಟೀವಿ ನಿಂತಿದೆಯಂತೆ. "ಅಂಕಲ್, ಡಬ್ಬಿ ಆಫ್ ಮಾಡಿ ಆನ್ ಮಾಡಿ, ಸ್ವಿಚ್ ಪೀಛೆ ಹೈ." ಶೀಲಕ್ಕ ಒಳಗೆ ಕಾಯಿ ತುರಿಯುತ್ತಿದ್ದರು. ನಾನು ಕಪಾಟು ಸರಿಸಿ ಬಗ್ಗಿದೆ. ಅಲ್ಲಿ ನನ್ನ ರಬ್ಬರ್ ಬ್ಯಾಂಡ್ ಇತ್ತು, ಸುತ್ತಿಟ್ಟ ವೈರು ಇತ್ತು. ಅದರ ಒಂದು ತುದಿ ಹಿಡಿದುಕೊಂಡು ಹೋದೆ. ಅದು ಕೆಂಪು ಫೋನಿನೊಳಕ್ಕೆ ಹೋಗಿತ್ತು. ಇನ್ನೊಂದು ತುದಿ ಎಲ್ಲಿಗೂ ಹೋಗಿರಲಿಲ್ಲ.

ನನ್ನ ಮೊಬೈಲಿನಿಂದ ಆ ನಂಬರ್ ಒತ್ತಿದೆ. ಒಬ್ಬ ಹೆಂಗಸು ಮೊದಲು ಮರಾಠಿಯಲ್ಲಿ, ಆಮೇಲೆ ಹಿಂದಿಯಲ್ಲಿ, ಈ ನಂಬರ್ ಚಾಲ್ತಿಯಲ್ಲಿಲ್ಲ ಎಂದಳು. ಮತ್ತೆ ಒತ್ತಿದೆ, ಮತ್ತೆ ಅದನ್ನೇ ಹೇಳಿದಳು. ಸೀನ ಎಷ್ಟು ಸಲ ಕೇಳಿಸಿಕೊಂಡಿರಬೇಕು ಇದನ್ನು?

ಸುಮ್ಮನೆ ವೈರು ಚುಚ್ಚಿ, ಏನೂ ಆಗದವನಂತೆ ಮನೆಗೆ ಹೋಗಿಬಿಡೋಣ ಎಂದು ಅನಿಸಿತು. ಚುಚ್ಚಿಯೂ ನೋಡಿದೆ. ಅಷ್ಟರಿಂದ ಆಗಲಿಲ್ಲ. ಈಶ್ವರನನ್ನು ಕರೆದೆ. ಪಕ್ಕದ ಬಿಲ್ಡಿಂಗಿನಲ್ಲೇ ಇದ್ದವನು ಕೂಡಲೇ ಬಂದು ನೋಡಿ ತಲೆಗೆ ಕೈ ಹಚ್ಚಿದ. "ಮಾಸ್ತರ, ಹೊಸಾ ಡಬ್ಬಿಗಿ ಈ ನಂಬರ್ ಹಾಕೋದ ಬಿಟ್ಟೀನ್ರಿ. ನಿಮ್ಮ ಕೂಡ ಮಾತಾಡಕೋತ ಮರತೇನಿ," ಎಂದ. ಹತ್ತು ನಿಮಿಷದಲ್ಲಿ ಸರಿಮಾಡಿ ತನ್ನ ಮೊಬೈಲಿನಿಂದ ರಿಂಗು ಕೊಟ್ಟ.

ಎಂಟು ತಿಂಗಳ ಮೇಲೆ ಕೆಂಪು ಫೋನು ಕೂಗಿತು. ಶೀಲಕ್ಕ ಕಾಯಿತುರಿ ಮೆತ್ತಿದ ಕೈಯಲ್ಲೇ ಓಡಿಬಂದರು. ಒಂದು, ಎರಡು. ಅವರ ಮುಖ ಅರಳಿತು. ಮೂರನೆಯ ರಿಂಗು ಬಂತು. ಅರಳಿದ ಮುಖ ಹಾಗೇ ನನ್ನ ಕಡೆ ತಿರುಗಿತು. ನಾನು ಎಲ್ಲ ಹೇಳಿದೆ, ರಬ್ಬರ್ ಬ್ಯಾಂಡ್ ಸಮೇತ ಹೇಳಿದೆ.

ಅವರು ಬೈಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. "ಹಾಗಾದ್ರೆ ನಾನು ಜೀವ ಇದ್ದವನಿಗೆ ಎಲೆ ಬಡಿಸಿದೆನಾ?" ಎಂದರು. ದೇವರ ಮುಂದೆ ಹೋಗಿ ಕೆನ್ನೆ ಕೆನ್ನೆ ಬಡಿದುಕೊಂಡರು. ಆದರೆ ಎರಡು ದಿನ ಕಳೆಯುವಷ್ಟರಲ್ಲಿ ಅವರ ನಡಿಗೆ ಬದಲಾಯಿತು. ಸೀನ ಇದ್ದಾನೆ! ಇನ್ನು ಆರು ತಿಂಗಳು ಎಂದರು, ಆಮೇಲೆ ಐದು ಎಂದರು. ಊರಿನಿಂದ ಬರುವವರಿಗೆ ಪಾಲೆ ತೊಗಟೆ ತರಲು ಮೂರು ಮೂರು ಸಲ ಹೇಳಿದರು. ವಾರಕ್ಕೊಮ್ಮೆ ನನ್ನ ಮೊಬೈಲಿನಿಂದ ರಿಂಗು ಕೊಡಿಸಿ ಪರೀಕ್ಷೆ ಮಾಡುತ್ತಿದ್ದರು. ಎರಡಲ್ಲ, ಮೂರು ಕೊಡಬೇಕು ನಾನು. ಎರಡು ಸೀನನದ್ದು.

ಈ ವರ್ಷದ ಆಟಿ ಅಮಾವಾಸ್ಯೆಗೆ ಬೆಳಿಗ್ಗೆ ಕಷಾಯ ನನಗೂ ಬಂತು. ಮುಖ ಕಿವಿಚದೆ ಕುಡಿದೆ. ಮೂರು ಗಂಟೆಗೆ ಇಬ್ಬರೂ ಫೋನಿನ ಮುಂದೆ ಕೂತೆವು. ಡಬ್ಬಿಯ ದೀಪಗಳು ನಾಲ್ಕೂ ಹಸಿರು, ಫೋನಿನದ್ದೂ ಹಸಿರು. ನಾನು ಆವತ್ತೇ ಎರಡು ಸಲ ನೋಡಿಕೊಂಡಿದ್ದೆ. ಮೂರೂವರೆ ಆಯಿತು. ನಾಲ್ಕಾಯಿತು. ಕೆಳಗೆ ಶಾಲೆ ಬಿಟ್ಟ ಮಕ್ಕಳ ಗಲಾಟೆ ಏರಿ ಇಳಿಯಿತು. ಐದಾಯಿತು. ನನ್ನ ಜನ್ಮದಲ್ಲಿ ಮೊದಲ ಸಲ ಎರಡು ಗಂಟೆ ನಾನು ಒಂದು ಮಾತೂ ಆಡಲಿಲ್ಲ.

ಕೊನೆಗೆ ಶೀಲಕ್ಕನೇ ಮಾತಾಡಿದರು. "ಅವ ಕಳೆದ ವರ್ಷ ಮಾಡಿರ್ತಾನೆ ಮಾಸ್ತ್ರೇ. ಆ ಹೆಂಗಸು ನಂಬರ್ ಇಲ್ಲ ಅಂತ ಹೇಳಿರ್ತಾಳೆ. ಅಕ್ಕ ಸತ್ತಳು ಅಂತ ಗ್ರಹಿಸಿರ್ತಾನೆ."

"ಹಂಗನ್ನಬ್ಯಾಡ್ರಿ ಅಕ್ಕಾರ. ಮುಂದಿನ ವರ್ಷ..." ಎಂದೆ.

ಅವರು ಎದ್ದು ಬಟ್ಟೆ ತಂದು, ರಿಸೀವರನ್ನು ಎಡಗೈಯಲ್ಲಿ ಒತ್ತಿ ಹಿಡಿದು ಫೋನು ಒರೆಸತೊಡಗಿದರು. ಒರೆಸುತ್ತಲೇ, ನನ್ನ ಕಡೆ ನೋಡದೆ ಹೇಳಿದರು.

"ದೀಪಾವಳಿಗೆ ಅವನೂ ನನಗೊಂದು ಎಲೆ ಬಡಿಸಿರ್ತಾನೆ. ಕೋಳಿ ಸಾರು ಅವನಿಗೆ ಲಾಯ್ಕ ಬರ್ತದೆ. ನಾನೇ ಕಲಿಸಿದ್ದು."