ಕುಲಸುಮಬೀಯ ಟ್ರಂಕು ಮತ್ತು ಎಕಂಬಾದ ಬಸ್ಸು

ಎಕಂಬಾ ಊರಿನ ತಾಯಂದಿರಿಗೆ ಬ್ಯಾಂಕಿನ ಲಾಕರಿಗಿಂತ ಕುಲಸುಮಬೀಯ ಕಬ್ಬಿಣದ ಟ್ರಂಕಿನ ಮೇಲೆ ಹೆಚ್ಚು ನಂಬಿಕೆ. ಔರಾದಿನ ಕಾಲೇಜಿಗೆ ಹೋಗುವ ಹುಡುಗಿಯರ ಆಧಾರ್ ಕಾರ್ಡುಗಳೆಲ್ಲ ಅದರಲ್ಲಿ, ಅವಳ ನಿಕಾಹದ ಜರಿ ದುಪಟ್ಟಾದ ಮಡಿಕೆಯೊಳಗೆ, ಬೆಚ್ಚಗೆ ಮಲಗಿದ್ದವು. ಕೀಲಿ ಅವಳ ಕೊರಳಲ್ಲಿ.

ಅದಕ್ಕೆ ಕಾರಣವಿತ್ತು. ಮಗಳು ಫರಹತ ಪಿಯುಸಿ ಸೇರಿದ ವರ್ಷ ಕಾರ್ಡನ್ನು ಬೀದರಿನಲ್ಲೆಲ್ಲೋ ಕಳೆದುಕೊಂಡಳು. ಬೀದರಿಗೂ ನೌಬಾದಿಗೂ ಅಲೆದು ಹೊಸದು ಕೈಗೆ ಬರುವಷ್ಟರಲ್ಲಿ ವಿದ್ಯಾರ್ಥಿವೇತನದ ಗಡುವು ಮುಗಿದಿತ್ತು. ಕುಲಸುಮಬೀ ದರ್ಜಿ ಕೆಲಸದವಳು. ಸರಕಾರಿ ಶಾಲೆಯ ಮಕ್ಕಳಿಗೆ ಸರಕಾರ ಕೊಡುವ ಬಟ್ಟೆಯನ್ನು ಅಂಗಿ-ಲಂಗ ಮಾಡಿಕೊಡುವುದು ಅವಳ ಕಸುಬು. ಆ ವರ್ಷ ಕಾಲು ಬಾತುಕೊಳ್ಳುವಂತೆ ಹೊಲಿಗೆ ಮಿಷನ್ ತುಳಿದಳು. ಮಗಳ ಓದು ಬಿಡಿಸು ಎಂದು ಬಂದ ನೆಂಟರಿಗೆ ಚಹಾ ಕೊಟ್ಟಳು, ಮಾತು ಕೊಡಲಿಲ್ಲ. ಭಾಲ್ಕಿಯ ತವರಿನಲ್ಲಿ ಏಳನೆಯದಕ್ಕೇ ತನ್ನನ್ನು ಶಾಲೆ ಬಿಡಿಸಿದ್ದು ಅವಳಿಗೆ ಇನ್ನೂ ಸಂಕಟದ ಮಾತು. ಅಂದಿನಿಂದ ಊರ ಹುಡುಗಿಯರಿಗೆಲ್ಲ ಕಟ್ಟಪ್ಪಣೆ: ಕಾರ್ಡು ಹೊಸ್ತಿಲು ದಾಟಬಾರದು.

ಆದರೆ ಹೆಂಗಸರು ಸರಕಾರಿ ಬಸ್ಸಿನಲ್ಲಿ ಪುಕ್ಕಟೆ ಹೋಗಬೇಕಾದರೆ ಆ ಕಾರ್ಡನ್ನೇ ತೋರಿಸಬೇಕು. ತೋರಿಸಿದರೆ ಸೊನ್ನೆ ರೂಪಾಯಿಯ ಟಿಕೆಟ್ ಕೊಡುತ್ತಾರೆ. ಆ ಟಿಕೆಟ್ಟಿನ ಲೆಕ್ಕ ಹಿಡಿದು ಸರಕಾರ ಸಾರಿಗೆಯವರಿಗೆ ದುಡ್ಡು ತುಂಬಿಕೊಡುತ್ತದೆ. ಕಂಡಕ್ಟರ್ ಗುರುನಾಥನದು ಮೆತ್ತನೆ ಕರುಳು. ಕಾರ್ಡಿಲ್ಲದ ಮಕ್ಕಳ ಹತ್ತಿರ ದುಡ್ಡು ಕೇಳಲು ಬಾಯಿ ಬರದೆ, ಟಿಕೆಟನ್ನೂ ಹರಿಯದೆ, "ಕೂಡ್ರಿ ತಂಗಿ" ಅಂದುಬಿಡುತ್ತಿದ್ದ. ಹೀಗೆ ಒಳ್ಳೆಯವರೆಲ್ಲ ಸೇರಿಯೇ ಬಸ್ಸಿಗೆ ಕುತ್ತು ತಂದರು.

ಒಂದು ಬೆಳಿಗ್ಗೆ ಗುರುನಾಥ ಅವಳ ಬಾಗಿಲಿಗೇ ಬಂದ.

"ಬರೋ ತಿಂಗಳಿಂದ ಮುಂಜಾನಿ ಬಸ್ಸು ಬಂದ್ ಮಾಡ್ತಾರಂತರಿ."

"ಯಾಕ್ರಿ? ಒಳಗ ಕಾಲಿಡ್ಲಿಕ್ಕಿ ಜಾಗಾ ಇರಂಗಿಲ್ಲ!"

"ನಮ್ಮ ಕಣ್ಣಿಗಿ ತುಂಬೇದರಿ. ಟಿಕೆಟ್ ಮಶೀನಿನಾಗ ನೋಡಿದ್ರ ಖಾಲಿ ಅದ. ಟಿಕೆಟ್ ಹರಿದಿಲ್ಲಲ್ರಿ. ತಪ್ಪು ನಂದೂ ಅದ."

ಅವಳ ಕೈ ತಾನಾಗಿ ಕೊರಳ ಕೀಲಿಗೆ ಹೋಯಿತು. ಫರಹತ ಈಗ ಡಿಗ್ರಿಯ ಕೊನೆಯ ವರ್ಷದಲ್ಲಿದ್ದಳು. ಮುಂದಿನ ಬಸ್ಸು ಬರುವುದು ಮಧ್ಯಾಹ್ನ, ಕ್ಲಾಸು ಮುಗಿದ ಮೇಲೆ.

"ಫೀಸು ಮಾಫ್ ಮಾಡ್ಯಾರ, ಸ್ಕಾಲರ್‌ಶಿಪ್ ಕೊಟ್ಟಾರ. ಬಸ್ಸೇ ಇಲ್ಲಂದ್ರ ಅವನ್ನೆಲ್ಲಾ ತಗೊಂಡು ಏನ್ ಮಾಡೂದ್ರಿ?" ಅಂದಳು. ಕಾರ್ಡುಗಳಿಗೆ ಬೀಗ ಹಾಕಿದ ತನ್ನ ಜಾಣತನದ ಮೇಲೆ ಅವಳಿಗೆ ಎಲ್ಲಿಲ್ಲದ ಸಿಟ್ಟು ಬಂತು.

ಅಳುತ್ತಾ ಕೂಡುವ ಜಾಯಮಾನ ಅವಳದಲ್ಲ. ಟ್ರಂಕು ತೆರೆದಳು. ಸಮವಸ್ತ್ರದ ಉಳಿಕೆ ಬಟ್ಟೆಯಿಂದ ಒಬ್ಬೊಬ್ಬಳಿಗೂ ಒಂದೊಂದು ಚಿಕ್ಕ ಚೀಲ ಹೊಲಿದು, ಜೋಡಿ ಹೊಲಿಗೆ ಹಾಕಿ, ಗಟ್ಟಿ ದಾರ ಪೋಣಿಸಿದಳು. ಮರುದಿನ ಬಸ್ಸಿನ ಬಾಗಿಲಲ್ಲಿ ನಿಂತು ಕಾರ್ಡು ಹಾಕಿದ ಚೀಲವನ್ನು ತಾನೇ ಎಲ್ಲರ ಕೊರಳಿಗೆ ಕಟ್ಟಿದಳು.

"ಕಾರ್ಡು ಕೊಳ್ಳಾಗ, ಟಿಕೆಟ್ ಕೈಯಾಗ. ಟಿಕೆಟ್ ಇಸ್ಕೊಳ್ಳದ ಕುಂತಾಕಿ ನನ್ನ ಮಾರಿ ನೋಡಬ್ಯಾಡ!"

ತಾನೂ ಅದೇ ಬಸ್ಸು ಹತ್ತಿದಳು. ಹುಡುಗಿಯರನ್ನು ಕಟ್ಟಿಕೊಂಡು ನೇರ ಔರಾದಿನ ಬಸ್ ಡಿಪೊಗೆ ಹೋದಳು.

"ಪುಕ್ಕಟೆ ಬಸ್ಸಿಗೆ ಇಷ್ಟು ಗದ್ದಲ ಯಾಕಮ್ಮ?" ಎಂದರು ಅಧಿಕಾರಿ.

"ಪುಕ್ಕಟೆ ಅಲ್ರಿ ಸಾಹೇಬ್ರ. ನಮ್ಮ ಮಕ್ಕಳ ಸಲುವಾಗಿ ಸರಕಾರ ನಿಮಗ ದುಡ್ಡು ಕೊಡ್ತದ. ಅದನ್ನ ತಪ್ಪಿಸಿದಾಕಿ ನಾನು. ಇನ್ನ ತಪ್ಪಸಂಗಿಲ್ಲ. ಒಂದು ತಿಂಗಳು ನೋಡ್ರಿ, ಆಮ್ಯಾಲ ನಿಮ್ಮ ಮರ್ಜಿ."

ಅಧಿಕಾರಿ ಅವಳನ್ನು ನೋಡಿದರು, ಹುಡುಗಿಯರ ಕೈಯ ಟಿಕೆಟ್ಟುಗಳನ್ನು ನೋಡಿದರು. ಆಗಲಿ ಎಂದರು.

ತಿಂಗಳು ಕಳೆಯಿತು, ಬಸ್ಸು ಬಂದಾಗಲಿಲ್ಲ. ಸಂತೆಗೆ ಹೋಗುವ ಹೆಂಗಸರೂ ಕೊರಳಿಗೆ ಚೀಲ ಕಟ್ಟಿಕೊಂಡು ಹತ್ತತೊಡಗಿದ್ದರು. ಒಂದು ದಿನ ದಾರದ ಉಂಡೆ ತರಲೆಂದು ಕುಲಸುಮಬೀ ಬಸ್ಸು ಹತ್ತಿದರೆ ಕೂಡಲು ಜಾಗವಿಲ್ಲ. ಫರಹತ ಎದ್ದು ನಿಂತಳು.

"ಅಮ್ಮೀ, ನೀ ಕೂಡು."

"ನೀ ಕೂಡು ಬೇಟಿ, ಓದು. ನನಗೇನು ಪರೀಕ್ಷಾ ಬರೆಯೂದದ?"

ಗುರುನಾಥ ಕೊಟ್ಟ ಟಿಕೆಟನ್ನು ಮುಷ್ಟಿಯಲ್ಲಿ ಹಿಡಿದು ಔರಾದಿನವರೆಗೂ ನಿಂತೇ ಹೋದಳು. ಸುತ್ತಲೂ ಹುಡುಗಿಯರ ಮಡಿಲಲ್ಲಿ ಪುಸ್ತಕಗಳು ತೆರೆದಿದ್ದವು. ಭಾಲ್ಕಿಯ ಶಾಲೆ ಬಿಟ್ಟ ಮೇಲೆ ಅಷ್ಟು ಪುಸ್ತಕಗಳ ನಡುವೆ ಅವಳು ನಿಂತದ್ದು ಅದೇ ಮೊದಲು.