ಸಣ್ಣ ಗಾಡಿಗೆ ಡೀಸೆಲ್ ಬೇಕೆಂದವಳು

ಆಗ ನನಗೆ ಅರವತ್ತೆರಡು. ಅದಾಗಿ ಈಗ ಮೂರು ವರ್ಷ. ಬೋಟುಗಳು ಬಂದು ನಿಲ್ಲುವ ಧಕ್ಕೆಯ ಏಲಂನಲ್ಲಿ ಮೀನು ಕೊಳ್ಳುವುದು ನನ್ನ ಕೆಲಸ, ಗಾಡಿ ಬಿಡುವುದು ಮಗಳ ಕೆಲಸ. ಬೈಕಂಪಾಡಿಯ ಒಂದು ಫ್ಯಾಕ್ಟರಿಯ ಕ್ಯಾಂಟೀನಿಗೆ ದಿನಾ ನಲವತ್ತು ಕಿಲೋ ಮೀನು ಒಂಬತ್ತು ಗಂಟೆಯೊಳಗೆ ಮುಟ್ಟಬೇಕು. ಅದು ತಪ್ಪಿದರೆ ಮಧ್ಯಾಹ್ನದ ಊಟಕ್ಕೆ ಮೀನು ಸಾರು ಆಗುವುದಿಲ್ಲ. ನಮ್ಮಿಬ್ಬರ ಅನ್ನ ಆ ಒಂದು ಕ್ಯಾಂಟೀನು. ಅದು ನಮ್ಮ ಕೈಗೆ ಬಂದದ್ದೇ ಮೊದಲು ಕೊಡುತ್ತಿದ್ದವಳು ಎರಡು ಸಲ ತಡ ಮಾಡಿದ್ದರಿಂದ. ಹೋಗುವುದೂ ಹಾಗೆಯೇ ಎಂದು ನನಗೆ ಗೊತ್ತಿತ್ತು.

ನಮ್ಮ ಹಳೆಯ ಪಿಕಪ್ ಡೀಸೆಲ್‌ನದ್ದು. ಹದಿನಾಲ್ಕು ವರ್ಷ ಓಡಿತು. ಮೀನಿನ ಉಪ್ಪುನೀರು ಬಿದ್ದು ಬಿದ್ದು ತಳ ಹಪ್ಪಳದ ಹಾಗೆ ಆಗಿತ್ತು, ಇಂಜಿನ್ ಮಾತ್ರ ಗಟ್ಟಿ. ಇನ್ನು ಇದು ರಸ್ತೆಗೆ ಇಳಿಯಲು ಎಫ್‌ಸಿ ಕೊಡುವುದಿಲ್ಲ ಎಂದು ಆರ್‌ಟಿಒದವರು ಹೇಳಿದ ಮೇಲೆ ಮಗಳೊಟ್ಟಿಗೆ ಹೊಸದು ನೋಡಲು ಶೋರೂಮಿಗೆ ಹೋದೆ.

“ಡೀಸೆಲ್ ಉಂಟಾ?” ಎಂದು ಕೇಳಿದೆ.

“ಈ ಸೈಜಿನಲ್ಲಿ ನಮ್ಮಲ್ಲಿಲ್ಲ ಅಮ್ಮ. ಪೆಟ್ರೋಲ್, ಇಲ್ಲದಿದ್ದರೆ ಗ್ಯಾಸ್. ಡೀಸೆಲ್ಲೇ ಬೇಕಾದರೆ ದೊಡ್ಡ ಗಾಡಿ ತಗೊಳ್ಳಿ,” ಎಂದ ಅಲ್ಲಿಯ ಹುಡುಗ.

“ದೊಡ್ಡದು ನಮ್ಮ ಓಣಿಗೆ ನುಗ್ಗುವುದಿಲ್ಲ. ಸಣ್ಣ ಗಾಡಿಯವರು ಎಂತ ಹತ್ತಿ ಹೊರುವುದಾ?”

ಮಗಳು ನನ್ನ ಸೆರಗು ಎಳೆದಳು. “ಅಮ್ಮ, ನಿನಗೆ ಗಾಡಿ ಬೇಕಾ, ಹೊಗೆ ಬೇಕಾ?”

ದಾರಿಯಲ್ಲಿ ಬಿಡಿಸಿ ಹೇಳಿದಳು. ಹೊಸ ಡೀಸೆಲ್ ಗಾಡಿಯ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಜಾಲರಿ ಉಂಟಂತೆ. ಉದ್ದಕ್ಕೆ ಜೋರಾಗಿ ಓಡಿದರೆ ಆ ಮಸಿ ಉರಿದುಹೋಗುತ್ತದಂತೆ. ನಮ್ಮ ಹಾಗೆ ಪೇಟೆಯಲ್ಲಿ ನಿಂತು ನಿಂತು ಹೋಗುವವರಿಗೆ ಅದು ಕಟ್ಟಿಕೊಳ್ಳುತ್ತದೆ ಎಂದು ಗ್ಯಾರೇಜಿನವನು ಹೇಳಿದ್ದನಂತೆ. ನಾನು ಒಪ್ಪಲಿಲ್ಲ. ಐಸು, ನೀರು, ಮೀನು ಎಲ್ಲ ಹೇರಿ ಲೇಡಿಹಿಲ್ ಏರು ಹತ್ತುವಾಗ ಡೀಸೆಲ್ ಎಳೆಯುವುದೇ ಬೇರೆ. ಆದರೂ ಪೆಟ್ರೋಲ್ ಗಾಡಿಯೇ ಬಂತು. ಎರಡು ವಾರ ದಿನಾ ಅದನ್ನು ಬೈದೆ.

ಧಕ್ಕೆಯಲ್ಲಿ ನಮ್ಮೊಳಗೆ ಒಂದು ಕ್ರಮ ಇತ್ತು. ಬೋಟಿನವರಿಗೆ ಐಸು ಸಾಲದೆ ಬಂದರೆ ನಾನು ನನ್ನದರಿಂದ ಕೊಡುತ್ತಿದ್ದೆ. ಅವರು ತಿರುಗಿ ಬಂದಾಗ ಬೋಟಿಗೆಂದು ರಿಯಾಯಿತಿಯಲ್ಲಿ ಸಿಗುವ ಡೀಸೆಲ್ ಒಂದು ಕ್ಯಾನ್ ಕೊಡುತ್ತಿದ್ದರು. ಸರಿಯೋ ತಪ್ಪೋ ನಾನು ಕೇಳಿದವಳಲ್ಲ, ಎಲ್ಲರೂ ಮಾಡುತ್ತಿದ್ದರು. ಕ್ಯಾನ್ ಕೈಗೆ ಬಂದ ಕೂಡಲೇ ಲಾಳಿಕೆ ಇಟ್ಟು ಗಾಡಿಗೆ ಸುರಿಯುವುದು, ಕ್ಯಾನ್ ತೊಳೆದು ಕೊಡುವುದು. ಹದಿನಾಲ್ಕು ವರ್ಷ ಹೀಗೆ ನಡೆದಿತ್ತು.

ಮೂರನೆಯ ವಾರದಲ್ಲಿ ಒಂದು ದಿನ ಬೋಟುಗಳು ತಡವಾಗಿ ಬಂದವು. ಏಲಂ ಮುಗಿಯುವಾಗ ಏಳೂವರೆ ದಾಟಿತ್ತು. ಪೆಟ್ರೋಲ್ ತಳಕ್ಕೆ ಬಂದಿದೆ, ಕೊಟ್ಟಾರದ ಪಂಪಿನಲ್ಲಿ ತುಂಬಿಸಬೇಕು ಎಂದು ಹೇಳಿದ ಮಗಳು ಐಸು ತರಲು ಹೋದಳು. ಅಷ್ಟರಲ್ಲಿ ಒಂದು ಬೋಟು ನಡೆಸುವ ತಂಡೇಲ ಕ್ಯಾನ್ ತಂದಿಟ್ಟ.

“ಅಕ್ಕ, ಮೊನ್ನೆಯ ಐಸಿನದ್ದು. ಐದು ಲೀಟರ್ ಉಂಟು.”

ನನ್ನ ತಲೆ ಕ್ಯಾಂಟೀನಿನಲ್ಲಿತ್ತು. ಕೈ ಲಾಳಿಕೆ ಇಟ್ಟು ತನ್ನ ಕೆಲಸ ಮಾಡಿತು. ಟ್ಯಾಂಕಿನ ಮುಚ್ಚಳದ ಒಳಗೆ ಇಂಗ್ಲಿಷಿನಲ್ಲಿ ಏನೋ ಬರೆದಿತ್ತು. ಮೂರನೆಯ ಕ್ಲಾಸಿನವಳಿಗೆ ಅದು ಓದಲು ಬರುವುದಿಲ್ಲ. ಬಂದಿದ್ದರೂ ಆ ಹೊತ್ತಿನಲ್ಲಿ ಓದುತ್ತಿರಲಿಲ್ಲ.

ಕೊಟ್ಟಾರದ ಪಂಪಿನ ಎದುರು ಮಗಳು ಗಾಡಿ ನಿಧಾನ ಮಾಡಿ ಪೆಟ್ರೋಲಿನ ಮುಳ್ಳು ನೋಡಿದಳು. “ಸಾಕಷ್ಟು ಉಂಟಲ್ಲ. ಬೆಳಿಗ್ಗೆ ನಾನೇ ಸರಿ ನೋಡಲಿಲ್ಲವೋ ಏನೋ. ಬರುವಾಗ ಹಾಕುವ,” ಎಂದು ಮುಂದೆ ಬಿಟ್ಟಳು.

ಪೆಟ್ರೋಲ್ ಗಾಡಿಗೆ ಡೀಸೆಲ್ ಸುರಿದಿದ್ದೇನೆ ಎಂದು ಆಗ ನನಗೆ ಗೊತ್ತಾಯಿತು. ಎರಡು ವಾರ ಪೆಟ್ರೋಲ್ ಗಾಡಿಯನ್ನು ಬೈದವಳು ನಾನು. ಹೇಳಿದರೆ ಬೇಕೆಂದೇ ಹಾಕಿದೆ ಎನ್ನುತ್ತಾಳೆ ಎಂದು ಹೆದರಿದೆ. ಇನ್ನು ಸ್ವಲ್ಪ ದೂರ, ಬೈಕಂಪಾಡಿ ಮುಟ್ಟಿದರೆ ಸಾಕು, ಆಮೇಲೆ ಹೇಳಿದರಾಯಿತು ಎಂದುಕೊಂಡೆ. ಗಾಡಿ ಕೆಮ್ಮತೊಡಗಿತು. ಒಂದೊಂದು ಕೆಮ್ಮಿಗೂ ನಾನು ಸೀಟಿನ ಅಂಚು ಹಿಡಿದುಕೊಳ್ಳುತ್ತಿದ್ದೆ. ಹಿಂದೆ ಬಿಳಿ ಹೊಗೆ ಎದ್ದಿತು. ಕೂಳೂರು ಸೇತುವೆಯ ನಡುವೆ ಇಂಜಿನ್ ನಿಂತಿತು.

ಬಂದರಿಗೆ ಹೋಗುವ ಟ್ಯಾಂಕರುಗಳು ಹಿಂದೆ ಸಾಲುಗಟ್ಟಿದವು. ಒಬ್ಬ ಡ್ರೈವರ್ ತಲೆ ಹೊರಗೆ ಹಾಕಿ, “ಎಂತ ಮಾರಾಯ್ತಿ, ಸೇತುವೆ ನಿನ್ನ ಅಪ್ಪನದ್ದಾ?” ಎಂದ.

“ಅಪ್ಪನದ್ದಾಗಿದ್ದರೆ ನಿನ್ನ ಹತ್ತಿರ ಟೋಲ್ ವಸೂಲು ಮಾಡ್ತಿದ್ದೆ. ಇಳಿದು ಒಂದು ಕೈ ಕೊಡು,” ಎಂದಳು ಮಗಳು. ಅವನು ಇಳಿದು ಬರುವವರೆಗೂ ಕೀಲಿ ತಿರುಗಿಸುತ್ತಲೇ ಇದ್ದಳು. ಇಂಜಿನ್ ಪೂರಾ ಹಾಳಾದರೆ ಎಂದು ನನಗೆ ತಡೆಯಲಾಗಲಿಲ್ಲ.

“ತಿರುಗಿಸಬೇಡ. ಡೀಸೆಲ್ ಬಿದ್ದಿದೆ. ನಾನು ಹಾಕಿದ್ದು.”

ಅವಳು ಕೀಲಿ ಬಿಟ್ಟಳು. “ಯಾವಾಗ ಗೊತ್ತಾಯಿತು?”

“ಕೊಟ್ಟಾರದಲ್ಲಿ.”

“ಅಲ್ಲೇ ಹೇಳಿದ್ದರೆ ಗೂಡ್ಸ್ ಆಟೋ ಸಿಗುತ್ತಿತ್ತು. ಸ್ಟ್ಯಾಂಡೇ ಉಂಟು ಅಲ್ಲಿ. ಹಾಕಿದ್ದಕ್ಕೆ ನಾನು ಏನೂ ಹೇಳುವುದಿಲ್ಲ ಅಮ್ಮ.”

ಅಷ್ಟೇ ಹೇಳಿದ್ದು. ಬೈದಿದ್ದರೆ ನನಗೆ ಸುಲಭ ಇತ್ತು.

ಟ್ಯಾಂಕರಿನವರು ತಳ್ಳಿ ಗಾಡಿಯನ್ನು ಸೇತುವೆಯ ಆಚೆ ದಾಟಿಸಿದರು. ಗೂಡ್ಸ್ ಆಟೋ ಸಿಕ್ಕಿ ನಾವು ಕ್ಯಾಂಟೀನು ಮುಟ್ಟುವಾಗ ಹತ್ತೂಕಾಲು. ಮ್ಯಾನೇಜರ್ ಬುಟ್ಟಿಯ ಕಡೆ ನೋಡಲೂ ಇಲ್ಲ.

“ಮೊಟ್ಟೆ ಸಾರು ಮಾಡಿ ಆಯಿತು. ಮೊದಲಿನವಳು ಈಗ ತಾನೇ ಫೋನ್ ಮಾಡಿದ್ದಳು. ನಾಳೆ ಒಂಬತ್ತರೊಳಗೆ ಇಪ್ಪತ್ತು ಕಿಲೋ ಆದರೂ ಬಂದರೆ ನಿಮ್ಮದು ಇರ್ತದೆ. ಇಲ್ಲದಿದ್ದರೆ ನೀವು ಬರುವುದೇ ಬೇಡ.”

ಟ್ಯಾಂಕ್ ಇಳಿಸಿ, ಪೈಪು ತೊಳೆದು ಕೊಡಲು ಎರಡು ದಿನ ಬೇಕು ಎಂದ ಗ್ಯಾರೇಜಿನವನು. ಆಟೋದವನಿಗೆ ಮರುದಿನ ಬೇರೆ ಬಾಡಿಗೆ ಇತ್ತು. ಉಳಿದವರು ಮೀನು ಎಂದ ಕೂಡಲೇ ವಾಸನೆ ಎಂದರು. ಸಂಜೆಯವರೆಗೆ ಇಬ್ಬರೂ ಕೇಳದ ಸ್ಟ್ಯಾಂಡಿಲ್ಲ.

ನನ್ನನ್ನು ಕೇಳಿದರೆ ಈಗಲೂ ಹೇಳುತ್ತೇನೆ, ಸಣ್ಣ ಗಾಡಿಗೂ ಡೀಸೆಲ್ ಕೊಡಬೇಕು. ಮೀನು ಹೇರಿಕೊಂಡು ಘಟ್ಟ ಹತ್ತಿ ಹಾಸನಕ್ಕೆ ಹೋಗುವವರಿದ್ದಾರೆ, ಅವರಿಗೆ ಬೇಕು. ಎಲ್ಲರೂ ದೊಡ್ಡ ಗಾಡಿ ಸಾಕುವುದು ಹೇಗೆ? ಆದರೆ ಧಕ್ಕೆಯಿಂದ ಬೈಕಂಪಾಡಿಗೆ ನನಗೆ ಬೇಕಿರಲಿಲ್ಲ. ಮಗಳ ಮಾತು ಸರಿ ಇತ್ತು. ಅಭ್ಯಾಸವನ್ನೇ ನಾನು ತಿಳಿವಳಿಕೆ ಎಂದುಕೊಂಡಿದ್ದೆ.

ಮರುದಿನ ಬೆಳಿಗ್ಗೆ ಮಗಳು ಗ್ಯಾರೇಜಿಗೆ ಹೋದಳು. ನಾನು ಮೊದಲು ಬಂದ ಬೋಟಿನಿಂದಲೇ ಇಪ್ಪತ್ತು ಕಿಲೋ ಬಂಗುಡೆ ತೆಗೆದು, ಬುಟ್ಟಿಯ ಅಡಿಗೆ ಎರಡು ಸುತ್ತು ಪ್ಲಾಸ್ಟಿಕ್ ಕಟ್ಟಿ, ತಲೆಯ ಮೇಲೆ ಹೊತ್ತು ಸಿಟಿ ಬಸ್ಸಿಗೆ ಹತ್ತಿದೆ.

“ಅಜ್ಜಿ, ನೀರು ಸೋರ್ತದೆ. ಇಳಿಯಿರಿ,” ಎಂದ ಕಂಡಕ್ಟರ್.

“ಸೋರಿದರೆ ನಾನೇ ಒರೆಸ್ತೇನೆ. ಎರಡು ಟಿಕೆಟ್ ಕೊಡು, ಬುಟ್ಟಿಗೂ ಸೇರಿಸಿ.”

ಅವನು ಗೊಣಗುತ್ತಾ ಹರಿದುಕೊಟ್ಟ. ಬೈಕಂಪಾಡಿಯಲ್ಲಿ ಇಳಿದು ನಡೆದೆ. ಎಂಟೂವರೆಗೆ ಬುಟ್ಟಿಯನ್ನು ಕ್ಯಾಂಟೀನಿನ ತಕ್ಕಡಿಯ ಮೇಲೆ ಇಳಿಸಿ, ಮ್ಯಾನೇಜರನ್ನು ಕರೆದು ತೂಕ ನೋಡು ಎಂದೆ.